ಶ್ವಾಸಕೋಶಕ್ಕೆ ಬಾಗಿಲಿಲ್ಲ: ಜಿಲ್ಲಾಧಿಕಾರಿಗಳಿಗೂ ಕಬ್ಬು ಬೆಳೆಗಾರರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬಾಗಲಕೋಟೆ,
ಹಾಗೂ ಜಿಲ್ಲೆಯ ಎಲ್ಲ ಕಬ್ಬು ಬೆಳೆಗಾರ ಬಂಧುಗಳು.

ವಿಷಯ: ಶಾಲೆಗಳ ಹತ್ತಿರ ಕಬ್ಬಿನ ರವದಿ (ಒಣ ಎಲೆ) ಮತ್ತು ಕಸ ಸುಡುವುದನ್ನು ನಿಲ್ಲಿಸುವ ಬಗ್ಗೆ.

ಮಾನ್ಯರೇ,

ನಾನು ಮುಧೋಳ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯ ಮೂರು ಕಡೆ ಕಬ್ಬಿನ ಹೊಲ, ಒಂದು ಕಡೆ ರಸ್ತೆ. ಹಂಗಾಮು ಶುರುವಾದರೆ ಕಡಿಯುವ ಗ್ಯಾಂಗುಗಳು ಬರುತ್ತವೆ, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಹೊಲದ ತುಂಬ ಒಣ ರವದಿ ಉಳಿಯುತ್ತದೆ. ಒಂದೆರಡು ವಾರದಲ್ಲಿ ಯಾರೋ ಕಡ್ಡಿ ಗೀರುತ್ತಾರೆ. ನಮ್ಮ ಕಡೆ ಇದು ವರ್ಷಾ ವರ್ಷ ನಡೆಯುವ ಮಾತು.

ಮೊದಲೇ ಹೇಳಿಬಿಡುತ್ತೇನೆ. ನನ್ನ ತವರು ಮನೆಯೂ ಕಬ್ಬಿನದೇ. ನಮ್ಮ ಹೊಲದ ರವದಿಗೂ ಬೆಂಕಿ ಬಿದ್ದಿದೆ. ಚಿಕ್ಕವಳಿದ್ದಾಗ ಬದುವಿನ ಮೇಲೆ ನಿಂತು ಆ ಬೆಂಕಿ ಓಡುವುದನ್ನು ನಾನೂ ಖುಷಿಯಿಂದ ನೋಡಿದ್ದೇನೆ. ಹಾಗಾಗಿ ಈ ಪತ್ರ ರೈತರ ಮೇಲಿನ ದೂರು ಅಂತ ಯಾರೂ ತಿಳಿಯಬಾರದು. ತರಗತಿಯಲ್ಲಿ ನಾನು ಕಂಡದ್ದನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಕಳೆದ ಜನವರಿಯಲ್ಲಿ ಏಳನೇ ತರಗತಿಗೆ ಉಸಿರಾಟದ ಪಾಠ ತೆಗೆದುಕೊಂಡಿದ್ದೆ. ಮಕ್ಕಳು ಹಳೇ ನೀರಿನ ಬಾಟಲಿಯ ತಳ ಕತ್ತರಿಸಿ, ಒಳಗೆ ಎರಡು ಸಣ್ಣ ಬಲೂನು ಇಳಿಬಿಟ್ಟು, ತಳಕ್ಕೆ ಇನ್ನೊಂದು ಬಲೂನಿನ ರಬ್ಬರು ಬಿಗಿದು ತಂದಿದ್ದರು. ತಳದ ರಬ್ಬರನ್ನು ಕೆಳಗೆ ಎಳೆದರೆ ಒಳಗಿನ ಬಲೂನುಗಳು ಉಬ್ಬುತ್ತವೆ. ಬಿಟ್ಟರೆ ಕುಗ್ಗುತ್ತವೆ. ನಮ್ಮ ಎದೆಯಲ್ಲೂ ನಡೆಯುವುದು ಇದೇ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ. ಅದರ ಕೆಳಗಿರುವ ವಪೆ ಎಂಬ ಸ್ನಾಯು ಕೆಳಗೆ ಸರಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಎದೆಗೂಡಿನಲ್ಲಿ ಜಾಗ ಜಾಸ್ತಿಯಾಗುತ್ತದೆ, ಹೊರಗಿನ ಗಾಳಿ ತಾನೇ ಒಳಗೆ ನುಗ್ಗುತ್ತದೆ. ಹೊರಗೆ ಯಾವ ಗಾಳಿ ಇದೆಯೋ ಅದೇ ಒಳಗೆ ಹೋಗುತ್ತದೆ.

ಅಂದು ಹನ್ನೊಂದು ಗಂಟೆಗೆ ಪಕ್ಕದ ಹೊಲದಲ್ಲಿ ಬೆಂಕಿ ಬಿತ್ತು. ಐದು ನಿಮಿಷದಲ್ಲಿ ಕೋಣೆ ತುಂಬ ಹೊಗೆ. ಕಿಟಕಿ ಮುಚ್ಚಿಸಿದೆ. ಒಂದು ಕಿಟಕಿಗೆ ಗಾಜಿಲ್ಲ, ಅದಕ್ಕೆ ಗೋಣಿಚೀಲ ಅಡ್ಡ ಹಿಡಿದೆವು. ಆಗ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: "ಟೀಚರ್ರೀ, ಕಣ್ಣಿಗಿ ರೆಪ್ಪಿ ಐತಿ, ಬಾಯಿಗಿ ತುಟಿ ಐತಿ. ಶ್ವಾಸಕೋಶಕ್ಕ ಬಾಗಲಾ ಇಲ್ಲೇನ್ರಿ?"

ಇಲ್ಲ ಅಂದೆ. ಉಸಿರು ಎಷ್ಟು ಹೊತ್ತು ಬಿಗಿ ಹಿಡಿಯಬಹುದು? ಅರ್ಧ ನಿಮಿಷ, ಬಹಳ ಆದರೆ ಒಂದು ನಿಮಿಷ. ಅಷ್ಟರಲ್ಲಿ ಮೆದುಳೇ ಹಟ ಹಿಡಿದು ಉಸಿರು ಎಳೆಸುತ್ತದೆ. ಹುಡುಗ ಕೂತ. ನನಗೆ ಮಾತ್ರ ಪಾಠ ಮುಂದುವರಿಸಲು ಆಗಲಿಲ್ಲ.

ಆ ದಿನದ ಇನ್ನೊಂದು ಘಟನೆ ಹೇಳಬೇಕು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗೆ ಇಟ್ಟು ಕೇಳಿದ, ಸ್ಟೆತಾಸ್ಕೋಪು ಹುಟ್ಟಿದ್ದೇ ಹಾಗೆ ಅಂತ ಮಕ್ಕಳಿಗೆ ಹೇಳಿದ್ದೆ. ಅವರು ಹಳೇ ಕ್ಯಾಲೆಂಡರಿನ ಹಾಳೆ ಸುತ್ತಿಕೊಂಡು ಒಬ್ಬರ ಬೆನ್ನಿಗೆ ಒಬ್ಬರು ಕಿವಿ ಹಚ್ಚಿ ಕೇಳುತ್ತಿದ್ದರು. ಹೊಗೆ ಬಂದ ಸ್ವಲ್ಪ ಹೊತ್ತಿಗೆ ಒಬ್ಬಳು ಕೂಗಿದಳು: "ಟೀಚರ್ರೀ, ಈಕಿ ಬೆನ್ನಾಗ ಪೀಪಿ ಊದಿದಂಗ ಕೇಳಾಕತ್ತೈತ್ರಿ." ಉಳಿದವರು ನಕ್ಕರು. ನಾನು ಹೋಗಿ ಕಿವಿ ಇಟ್ಟೆ. ಸುಂಯ್ ಅಂತ ಸಣ್ಣ ಸಿಳ್ಳೆ. ಆ ಹುಡುಗಿಯ ಹೆಗಲು ಪ್ರತಿ ಉಸಿರಿಗೂ ಮೇಲೇಳುತ್ತಿತ್ತು. ಕುತ್ತಿಗೆಯ ಕೆಳಗಿನ ಗುಳಿ ಒಳಗೆ ಎಳೆದುಕೊಳ್ಳುತ್ತಿತ್ತು. ಅವಳಿಗೆ ಅಸ್ತಮಾ ಇರುವುದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಫೋನ್ ಮಾಡಿದೆವು. ಅಪ್ಪ ಬೈಕಿನಲ್ಲಿ ಇನ್‌ಹೇಲರ್ ತರುವಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು. ಅದು ಮನೆಯ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ ಇತ್ತಂತೆ. ಯಾಕೆ ಅಂದರೆ ಅಜ್ಜಿ ಹೇಳಿದ್ದು ಎರಡು ಮಾತು. ಒಂದು, "ಅದರ ಚಟಾ ಆಗ್ತೈತಿ." ಇನ್ನೊಂದು, "ನಾಲ್ಕ ಮಂದಿಗೆ ಗೊತ್ತಾದ್ರ ನಾಳೆ ಹುಡುಗಿ ಲಗ್ನಾ ಹೆಂಗ್ರಿ?" ಹುಡುಗಿ ಆಸ್ಪತ್ರೆಗೆ ಹೋಗಿ ಸುಧಾರಿಸಿಕೊಂಡಳು. ಆ ನಲವತ್ತು ನಿಮಿಷ ಅವಳ ಕೈ ಹಿಡಿದು ಕೂತಿದ್ದೆ. ಅವಳ ಉಗುರುಗಳನ್ನೇ ನೋಡುತ್ತಿದ್ದೆ, ನೀಲಿಯಾಗುತ್ತವೇನೋ ಅಂತ.

ಹೊಗೆಯ ಬಗ್ಗೆ ಮಾತಾಡಿದಾಗೆಲ್ಲ ನನಗೆ ಸಿಗುವ ಉತ್ತರ ಒಂದೇ: "ಒಂದೆರಡು ತಾಸಿನ ಮಾತು ಬಿಡ್ರಿ, ನಾವೆಲ್ಲ ಇದರಾಗ ಬೆಳದೀವಿ." ಈ ಉತ್ತರ ಯಾಕೆ ಸರಿಯಲ್ಲ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೂಗಿನಿಂದ ಒಳಗೆ ಹೋದ ಗಾಳಿ ಶ್ವಾಸನಾಳಕ್ಕೆ ಇಳಿಯುತ್ತದೆ. ಅಲ್ಲಿಂದ ಎರಡು ಕೊಂಬೆ. ಬಲಗಡೆಯ ಶ್ವಾಸಕೋಶಕ್ಕೆ ಮೂರು ಹಾಲೆ (ಭಾಗ), ಎಡಗಡೆಯದಕ್ಕೆ ಎರಡೇ, ಹೃದಯಕ್ಕೆ ಜಾಗ ಬಿಟ್ಟುಕೊಟ್ಟಿದೆ. ಕೊಂಬೆ ಟಿಸಿಲೊಡೆಯುತ್ತಾ, ಸಣ್ಣದಾಗುತ್ತಾ ಹೋಗಿ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂಥ ಗಾಳಿಚೀಲಗಳಾಗುತ್ತವೆ. ದೊಡ್ಡವರ ಎರಡೂ ಶ್ವಾಸಕೋಶ ಸೇರಿದರೆ ಇಂಥವು 30 ಕೋಟಿಗೂ ಮೇಲೆ. ಅಷ್ಟನ್ನೂ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ 70 ಚದರ ಮೀಟರ್. ಇದನ್ನು ಮಕ್ಕಳಿಗೆ ತೋರಿಸಲು ನಾವು ಟೇಪು ಹಿಡಿದು ಅಳೆದೆವು. ನಮ್ಮ ತರಗತಿ ಕೋಣೆ 20 ಅಡಿಗೆ 20 ಅಡಿ. ಅಂಥ ಎರಡು ಕೋಣೆಗಳ ನೆಲದಷ್ಟು ಜಾಗ ಒಂದು ಎದೆಯೊಳಗೆ ಮಡಚಿ ಕೂತಿದೆ. ಮಕ್ಕಳು ನಂಬಲೇ ಇಲ್ಲ, ಮತ್ತೆ ಅಳೆಯೋಣ ಅಂದರು.

ಆ ಚೀಲದ ಗೋಡೆ ಒಂದು ಮೈಕ್ರಾನಿಗಿಂತಲೂ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ) ತೆಳು. ತೆಳುವಾಗಿ ಇರುವುದರಿಂದಲೇ ಆಮ್ಲಜನಕ ಅದನ್ನು ದಾಟಿ ರಕ್ತಕ್ಕೆ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಒಳಗೆ ಹೋಗುವ ಗಾಳಿಯಲ್ಲಿ ಶೇಕಡಾ 21 ಆಮ್ಲಜನಕ ಇದ್ದರೆ, ಹೊರಗೆ ಬರುವಾಗ ಸುಮಾರು 16 ಉಳಿದಿರುತ್ತದೆ.

ಇಷ್ಟು ನಾಜೂಕಾದ ಜಾಗಕ್ಕೆ ಕಾವಲು ಇಲ್ಲ ಅಂತಲ್ಲ. ಮೂಗಿನ ಕೂದಲು ದೊಡ್ಡ ಧೂಳನ್ನು ತಡೆಯುತ್ತದೆ. ನಾಳದ ಒಳಮೈಗೆ ಅಂಟಾದ ಲೋಳೆ ಇದೆ, ಅದರಲ್ಲಿ ಧೂಳು ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಸಣ್ಣ ರೋಮಗಳು ಆ ಲೋಳೆಯನ್ನು ಮೇಲಕ್ಕೆ, ಗಂಟಲಿನ ಕಡೆಗೆ ಗುಡಿಸುತ್ತಲೇ ಇರುತ್ತವೆ. ಮಲಗಿದಾಗಲೂ ಗುಡಿಸುತ್ತವೆ. ಮನೆಯಲ್ಲಿ ಅವ್ವ ಬೆಳಗ್ಗೆ ಎದ್ದು ಅಂಗಳ ಗುಡಿಸುತ್ತಾಳಲ್ಲ, ಅದೇ ಕೆಲಸ. ಆದರೆ ದಿನಾ ಹೊಗೆ ಬಿದ್ದರೆ ಈ ರೋಮಗಳು ಸೋಲುತ್ತವೆ. ಗಾಳಿಚೀಲದ ತನಕ ಇಳಿದ ಕಣವನ್ನು ಅವು ಮುಟ್ಟಲಾರವು, ಅಲ್ಲಿ ರೋಮಗಳೇ ಇಲ್ಲ.

ರವದಿ ಸುಟ್ಟಾಗ ಕರಿ ಎಳೆಗಳು ಹಾರಿ ಬರುತ್ತವೆ. ಮಕ್ಕಳು ಅದಕ್ಕೆ ಕರಿ ಮಳೆ ಅನ್ನುತ್ತಾರೆ. ಬಿಸಿಯೂಟದ ತಟ್ಟೆಯ ಮೇಲೆ ಬೀಳುತ್ತದೆ, ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತದೆ. ನಾವು ಬೈದುಕೊಂಡು ಕೊಡವುತ್ತೇವೆ. ಆದರೆ ಕಣ್ಣಿಗೆ ಕಾಣುವ ಆ ಕರಿ ಎಳೆ ಶ್ವಾಸಕೋಶದ ತಳ ಮುಟ್ಟುವುದಿಲ್ಲ, ಮೂಗು ಗಂಟಲು ಅದನ್ನು ತಡೆಯುತ್ತವೆ. ತಳ ಮುಟ್ಟುವುದು ಕಾಣದೇ ಇರುವ ಕಣ. 2.5 ಮೈಕ್ರಾನಿಗಿಂತ ಸಣ್ಣದು, ತಲೆಗೂದಲಿನ ದಪ್ಪದಲ್ಲಿ ಮೂವತ್ತರಲ್ಲೊಂದು ಪಾಲು. ಪಿಎಂ 2.5 ಅಂತ ಟಿವಿಯಲ್ಲಿ ದೆಹಲಿಯ ಸುದ್ದಿ ಬಂದಾಗ ಹೇಳುವುದು ಇದನ್ನೇ. ನಮ್ಮ ದೇಶದ ಮಾನದಂಡದ ಪ್ರಕಾರ ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ ಇದು 60 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ನಮ್ಮ ಹಳ್ಳಿಯಲ್ಲಿ ಅಳೆಯುವ ಯಂತ್ರ ಇಲ್ಲ. ನಮ್ಮ ಹತ್ತಿರ ಇದ್ದದ್ದು ಒಂದು ಬಿಳಿ ಕರವಸ್ತ್ರ. ಒದ್ದೆ ಮಾಡಿ ಕಿಟಕಿಗೆ ಕಟ್ಟಿದೆವು. ಬೆಳಗ್ಗೆ ಕಟ್ಟಿದ್ದು ಸಂಜೆ ಬಿಚ್ಚಿದಾಗ ಬೂದಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

"ನಾವು ಬೆಳೆದೆವಲ್ಲ" ಅನ್ನುವ ಮಾತಿಗೆ ಈಗ ಬರುತ್ತೇನೆ. ಮಗು ಹುಟ್ಟಿದಾಗ 30 ಕೋಟಿ ಗಾಳಿಚೀಲ ಇರುವುದಿಲ್ಲ, ಅದರ ಒಂದು ಪಾಲು ಮಾತ್ರ ಇರುತ್ತದೆ. ಉಳಿದವು ಎಳೆ ವಯಸ್ಸಿನಲ್ಲಿ ಮೂಡುತ್ತವೆ. ಶ್ವಾಸಕೋಶದ ಬಲ ಇಪ್ಪತ್ತರ ಆಸುಪಾಸಿನವರೆಗೂ ಬೆಳೆಯುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ರೈತ ಬಂಧುಗಳಿಗೆ ಇದನ್ನು ಸುಲಭವಾಗಿ ಹೇಳಬಹುದು. ಕಬ್ಬು ಮರಿ ಒಡೆಯುವ ಹೊತ್ತಿನಲ್ಲಿ ನೀರು ತಪ್ಪಿದರೆ ಏನಾಗುತ್ತದೆ? ಆಮೇಲೆ ಎಷ್ಟು ನೀರು ಬಿಟ್ಟರೂ, ಎಷ್ಟು ಗೊಬ್ಬರ ಹಾಕಿದರೂ ಹೋದ ಮರಿ ವಾಪಸ್ ಬರುವುದಿಲ್ಲ ಅಲ್ವಾ? ನಮ್ಮ ತರಗತಿಯಲ್ಲಿ ಕೂತಿರುವ ಮಕ್ಕಳು ಈಗ ಅದೇ ಹಂತದಲ್ಲಿದ್ದಾರೆ.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಿಂದ ಸಾವಿರಾರು ಶಾಲಾ ಮಕ್ಕಳ ಉಸಿರನ್ನು ವರ್ಷ ವರ್ಷ ಅಳೆದು ನೋಡಿದ್ದಾರೆ. ಕೊಳಕು ಗಾಳಿಯ ಊರುಗಳಲ್ಲಿ ಮಕ್ಕಳ ಶ್ವಾಸಕೋಶ ಕಡಿಮೆ ಬೆಳೆದಿತ್ತು. ಅದಕ್ಕಿಂತ ಮುಖ್ಯವಾದ ಮಾತು ಆಮೇಲೆ ಗೊತ್ತಾಯಿತು. ಅದೇ ಊರುಗಳಲ್ಲಿ ಗಾಳಿ ಸುಧಾರಿಸಿದ ಮೇಲೆ ಬೆಳೆದ ಮಕ್ಕಳ ಶ್ವಾಸಕೋಶ ಚೆನ್ನಾಗಿ ಬೆಳೆದಿತ್ತು. ನಾನು ಈ ಪತ್ರ ಬರೆಯಲು ಧೈರ್ಯ ಬಂದದ್ದು ಈ ಎರಡನೇ ಮಾತಿನಿಂದ.

ಮಕ್ಕಳು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ. ನಮ್ಮ ತರಗತಿಯಲ್ಲಿ ಗಡಿಯಾರ ನೋಡಿ ಎಣಿಸಿದಾಗ ಸುಮ್ನೆ ಕೂತವರದ್ದೇ ನಿಮಿಷಕ್ಕೆ 20ರ ಆಸುಪಾಸು ಬಂತು. ಶಾಲೆಯ ಆರು ತಾಸಿಗೆ 7,200 ಉಸಿರು. ಓಡುವಾಗ, ಕಬಡ್ಡಿ ಆಡುವಾಗ ಇನ್ನೂ ಜಾಸ್ತಿ. ಪಾಠದ ಕೊನೆಯಲ್ಲಿ ನಾನು ಬೋರ್ಡಿನ ಮೇಲೆ ಬರೆಸಬೇಕು: ಶ್ವಾಸಕೋಶ ಚೆನ್ನಾಗಿರಲು ಓಡಿ ಆಡಿ, ಮೂಗಿನಿಂದ ಉಸಿರಾಡಿ, ಶುದ್ಧ ಗಾಳಿ ಸೇವಿಸಿ. ಮೊದಲ ಎರಡು ಮಕ್ಕಳ ಕೈಯಲ್ಲಿದೆ. ಮೂರನೆಯದು ಅವರ ಕೈಯಲ್ಲಿ ಇಲ್ಲವೇ ಇಲ್ಲ. ಅದು ನಿಮ್ಮ ಕೈಯಲ್ಲಿದೆ, ನಮ್ಮ ಕೈಯಲ್ಲಿದೆ.

ಅವರ ಕೈಯಲ್ಲಿ ಆದದ್ದನ್ನು ಅವರು ಮಾಡಿದ್ದಾರೆ. ಕೋಣೆ ಗುಡಿಸುವ ಮೊದಲು ನೀರು ಚಿಮುಕಿಸುತ್ತಾರೆ. ಡಸ್ಟರನ್ನು ಹೊರಗೆ ಹೋಗಿ ಕೊಡವುತ್ತಾರೆ. ಬಚ್ಚಲ ಹಂಡೆಯ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಚೀಲ ಹಾಕಬೇಡ ಅಂತ ಮನೆಯಲ್ಲಿ ಅವ್ವನ ಜೊತೆ ಜಗಳ ಆಡಿ ಗೆದ್ದವರಿದ್ದಾರೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೀಡಿ ಸೇದುವ ಮಾಮಾನ ಕೈಯಿಂದ ಬೆಂಕಿಪೆಟ್ಟಿಗೆ ಕಸಿದುಕೊಂಡ ಹುಡುಗಿಯೂ ನಮ್ಮ ತರಗತಿಯಲ್ಲಿದ್ದಾಳೆ.

ಕಸದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಶಾಲೆಯ ಕಾಂಪೌಂಡಿನ ಹಿಂದೆ ಊರ ಕಸ ತಂದು ಸುರಿಯುತ್ತಾರೆ, ಪ್ಲಾಸ್ಟಿಕ್ ಸಮೇತ ಸುಡುತ್ತಾರೆ. 2016ರ ಘನತ್ಯಾಜ್ಯ ನಿಯಮಗಳು ಬೀದಿಯಲ್ಲಿ, ಬಯಲಲ್ಲಿ ಕಸ ಸುಡಬಾರದು ಅಂದಿದ್ದವು. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ಇಡೀ ದೇಶದಲ್ಲಿ ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಅಂತ ಹೇಳಿತು. ನಾನು ಒಂದು ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆ. ಮೊದಲ ಸಲ ತೆಗೆದುಕೊಂಡರು. ಎರಡನೇ ಸಲ "ಹೊಗಿ ಎಲ್ಲಿಲ್ರಿ ಟೀಚರ್" ಅಂದರು.

ಈಗ ನನ್ನ ಕೋರಿಕೆಗಳು.

ರೈತ ಬಂಧುಗಳೇ, ನಿಮ್ಮ ಕಷ್ಟ ನನಗೆ ಗೊತ್ತು. ರವದಿ ಇದ್ದರೆ ಕೂಳೆ ಕಬ್ಬಿಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆಗೆ) ಸಾಲು ಬಿಡಿಸುವುದು ಕಷ್ಟ. ನೀರು ಸಾಲಿನಲ್ಲಿ ಮುಂದೆ ಹೋಗುವುದಿಲ್ಲ. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಭಾರ. ಒಂದು ಬೆಂಕಿಕಡ್ಡಿಯಲ್ಲಿ ಕೆಲಸ ಮುಗಿಯುತ್ತದೆ ಅಂದಾಗ ಯಾರಾದರೂ ಅದನ್ನೇ ಮಾಡುತ್ತಾರೆ. ಆದರೆ ಆ ಬೆಂಕಿಯಲ್ಲಿ ನಿಮ್ಮ ಸೊತ್ತೂ ಸುಡುತ್ತಿದೆ. ಎಕರೆಗೆ ಮೂರು ನಾಲ್ಕು ಟನ್ ರವದಿ ಬೀಳುತ್ತದೆ. ಅದರಲ್ಲಿರುವ ಸಾರಜನಕ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಅದನ್ನೇ ನೀವು ಆಮೇಲೆ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೀರಿ. ಸಾಲು ಬಿಟ್ಟು ಸಾಲಿಗೆ ರವದಿ ಹಾಸಿದರೆ ಒಂದು ಸಾಲಿನಲ್ಲಿ ನೀರು ಹರಿಯುತ್ತದೆ, ಇನ್ನೊಂದು ಸಾಲಿನಲ್ಲಿ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ನನ್ನ ತಮ್ಮ ಎರಡು ವರ್ಷದಿಂದ ಹೀಗೆ ಮಾಡುತ್ತಿದ್ದಾನೆ. ಮೊದಲ ವರ್ಷ ಬೈದುಕೊಂಡೇ ಮಾಡಿದ. ಎರಡನೇ ವರ್ಷ ಮಣ್ಣು ಕೈಯಲ್ಲಿ ಹಿಡಿದು ನನಗೆ ತೋರಿಸಿದ, ಎರೆಹುಳು ಬಂದಿದ್ದವು.

ಎಲ್ಲರೂ ಇದೇ ವರ್ಷ ಬದಲಾಗುತ್ತಾರೆ ಅಂತ ನಾನು ನಂಬಿಲ್ಲ. ಅದಕ್ಕೆ ಸಣ್ಣದೊಂದನ್ನು ಕೇಳುತ್ತೇನೆ. ಶಾಲೆಗೆ, ಅಂಗನವಾಡಿಗೆ ತಾಗಿದ ಹೊಲಗಳಲ್ಲಿ ಮಾತ್ರ ಮೊದಲು ನಿಲ್ಲಿಸಿ. ಈ ವರ್ಷ ಅದೂ ಆಗಲೇ ಇಲ್ಲ ಅಂದರೆ ಶಾಲೆ ನಡೆಯುವ ದಿನ ಬೆಂಕಿ ಬೇಡ, ಹಿಂದಿನ ದಿನವೇ ನಮಗೆ ಒಂದು ಮಾತು ತಿಳಿಸಿ. ಸಂಜೆಯಂತೂ ಬೇಡವೇ ಬೇಡ. ಚಳಿಗಾಲದ ಸಂಜೆ ನೆಲ ಬೇಗ ತಣ್ಣಗಾಗುತ್ತದೆ, ತಣ್ಣನೆ ಗಾಳಿ ಕೆಳಗೆ ಕೂತು ಮೇಲೆ ಮುಚ್ಚಳ ಹಾಕಿದ ಹಾಗೆ ಆಗುತ್ತದೆ. ಹೊಗೆ ಮೇಲೇರದೆ ಬೆಳಗಿನ ತನಕ ಊರಲ್ಲೇ ಮಲಗುತ್ತದೆ. ನಸುಕಿನಲ್ಲಿ ಘಟಪ್ರಭೆಯ ಕಡೆ ನೋಡಿದರೆ ಮರಗಳ ಸೊಂಟದ ಮಟ್ಟಕ್ಕೆ ಬಿಳಿ ಪಟ್ಟಿ ಕಾಣುತ್ತದಲ್ಲ, ಅದೆಲ್ಲ ಮಂಜೇ ಅಂದುಕೊಳ್ಳಬೇಡಿ.

ಮಾನ್ಯ ಜಿಲ್ಲಾಧಿಕಾರಿಗಳೇ, ಬರೀ ದಂಡ ಹಾಕಿ ಅಂತ ನಾನು ಕೇಳುವುದಿಲ್ಲ. ದಂಡಕ್ಕೆ ಹೆದರಿದವರು ರಾತ್ರಿ ಸುಡುತ್ತಾರೆ, ಅದು ಇನ್ನೂ ಕೆಟ್ಟದ್ದು. ರವದಿ ಪುಡಿ ಮಾಡುವ ಯಂತ್ರವನ್ನು ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಹಂಗಾಮು ಶುರುವಾಗುವ ಮೊದಲೇ ತರಿಸಿಡಿ. ಬಾಡಿಗೆ ಕಡಿಮೆ ಇರಲಿ, ಶಾಲೆ ಪಕ್ಕದ ಹೊಲಗಳಿಗೆ ಮೊದಲ ಸರದಿ ಸಿಗಲಿ. ಕಾರ್ಖಾನೆಗಳ ಜೊತೆ ಕಬ್ಬಿನ ದರದ ಸಭೆ ಮಾಡುತ್ತೀರಿ. ಅದೇ ಸಭೆಯಲ್ಲಿ ರವದಿಯ ಮಾತೂ ಬರಲಿ. ಕಬ್ಬು ಒಯ್ಯುವವರಿಗೆ ರವದಿಯ ಹೊಣೆ ಸ್ವಲ್ಪವೂ ಇಲ್ಲ ಅಂದರೆ ಹೇಗೆ? ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ತಿಳಿದವರು ನಮ್ಮ ಹತ್ತಿರವೇ ಇದ್ದಾರೆ. ಅವರನ್ನು ಹೊಲಕ್ಕೆ ಕರೆಸಿ. ಶಾಲೆಗಳ ಹಿಂದಿನ ಕಸದ ಗುಂಡಿಗಳನ್ನು ಬೇರೆ ಕಡೆ ಸಾಗಿಸಲು ಪಂಚಾಯಿತಿಗಳಿಗೆ ಒಂದು ತಾರೀಖು ಕೊಡಿ.

ಇನ್ನೊಂದು ಕೋರಿಕೆ ಆ ಹುಡುಗಿಯ ಸಲುವಾಗಿ. ಪ್ರತಿ ಶಾಲೆಯಲ್ಲೂ ಜೂನಿನಲ್ಲೇ ಯಾವ ಮಗುವಿಗೆ ಅಸ್ತಮಾ ಇದೆ ಅಂತ ಕೇಳಿ ಬರೆದಿಡಬೇಕು. ಇನ್‌ಹೇಲರ್ ಮಗುವಿನ ಚೀಲದಲ್ಲೇ ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದವರು ವರ್ಷಕ್ಕೊಮ್ಮೆ ಬಂದು ಶಿಕ್ಷಕರಿಗೂ ತಾಯಂದಿರಿಗೂ ಅದನ್ನು ಬಳಸುವುದು ತೋರಿಸಿಕೊಡಬೇಕು. ಚಟ ಆಗುತ್ತದೆ ಅನ್ನುವ ಅಜ್ಜಿಗೆ ನಾನು ಹೇಳಿದ್ದು ಇಷ್ಟು: ದಮ್ಮು ಇಳಿಸುವ ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧಿ ಇರುತ್ತದೆ, ಅದು ಮೈಯೆಲ್ಲ ಸುತ್ತುತ್ತದೆ. ಅದೇ ಔಷಧಿಯ ಇನ್‌ಹೇಲರನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ, ಅಂದರೆ ಇಪ್ಪತ್ತರಲ್ಲೊಂದು ಪಾಲು ಅಥವಾ ಇನ್ನೂ ಕಡಿಮೆ. ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಅಷ್ಟು ಕಡಿಮೆ ಔಷಧಿಯೂ ಕೆಲಸ ಮಾಡುತ್ತದೆ. ಅದರಿಂದ ಚಟ ಹತ್ತುವುದಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಚೀಲದಾಗ ಇಡತೇನ್ರಿ" ಅಂದರು. ಈಗ ಅದು ಹುಡುಗಿಯ ಕಂಪಾಸ್ ಪೆಟ್ಟಿಗೆಯ ಪಕ್ಕದಲ್ಲಿ ಇರುತ್ತದೆ. ಹೋದ ವಾರ ಅವಳು ಖೋ ಖೋ ಆಡಿದಳು.

ಬರುವ ಜನವರಿಯಲ್ಲಿ ಅದೇ ಪಾಠ ಮತ್ತೆ ಬರುತ್ತದೆ. ಆಗ ಒಂದು ದಿನ ಹನ್ನೊಂದು ಗಂಟೆಗೆ ನಮ್ಮ ತರಗತಿಗೆ ಬನ್ನಿ. ರೈತರೂ ಬನ್ನಿ, ಅಧಿಕಾರಿಗಳೂ ಬನ್ನಿ. ಮಕ್ಕಳು ಬಾಟಲಿಯ ಶ್ವಾಸಕೋಶ ತೋರಿಸುತ್ತಾರೆ, ಕ್ಯಾಲೆಂಡರ್ ಸುತ್ತಿ ನಿಮ್ಮ ಬೆನ್ನಿಗೂ ಕಿವಿ ಇಡುತ್ತಾರೆ. ಕಿಟಕಿಗೆ ಹೊಸ ಬಿಳಿ ಕರವಸ್ತ್ರ ಕಟ್ಟಿರುತ್ತೇವೆ. ಸಂಜೆ ಅದನ್ನು ಬಿಚ್ಚುವ ತನಕ ಇರಿ.

ಇಂತಿ ತಮ್ಮ ವಿಶ್ವಾಸಿ,
ಏಳನೇ ತರಗತಿಯ ವಿಜ್ಞಾನ ಶಿಕ್ಷಕಿ,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ